ಕಮಲಾಪುರದಲ್ಲಿ ಭರ್ತಿ

ಕಲಬುರಗಿ ಶಹಾಬಜಾರದ ಸೂಗಪ್ಪನಿಗೆ ಆ ಬೇಸಿಗೆಯಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೈದರಾಬಾದಿನ ಹೊಸ ವಿಶ್ವವಿದ್ಯಾಲಯದಿಂದ ರಜೆಗೆ ಊರಿಗೆ ಬಂದವನು ಸುಮ್ಮನೆ ಬಂದಿರಲಿಲ್ಲ. ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ದೊಡ್ಡವರಿಗೆ ಅಕ್ಷರ ಕಲಿಸಲಿ ಎಂದು ಹಟ ಹಿಡಿದು ಪ್ರೊಫೆಸರ್ ಇಮಾಮುದ್ದೀನರನ್ನು ಒಪ್ಪಿಸಿ ಬಂದಿದ್ದ. ಮೊದಲ ದಿನ ತಾವೇ ಬಂದು ನೋಡುವುದಾಗಿಯೂ, ಜನ ಕೂಡದಿದ್ದರೆ ಆ ಮಾತನ್ನು ಅಲ್ಲಿಗೇ ಬಿಡಬೇಕೆಂದೂ ಅವರು ಹೇಳಿದ್ದರು.

ಹತ್ತಿರದ ಹಳ್ಳಿ ಕಮಲಾಪುರದಲ್ಲಿ ಸೂಗಪ್ಪ ಡಂಗುರ ಸಾರಿಸಿದ: "ನಾಳೆ ಮುಂಜಾನೆ ಚಾವಡಿ ಮುಂದ ಭರ್ತಿ ಐತಿ, ಗಂಡಸರೆಲ್ಲ ಬರಬೇಕ್ರೀ." ಅವನ ಉರ್ದು ಕಾಲೇಜಿನಲ್ಲಿ ಹುಡುಗರನ್ನು ಸೇರಿಸಿಕೊಳ್ಳುವುದಕ್ಕೆ ಭರ್ತಿ ಎನ್ನುತ್ತಿದ್ದರು. ಕಮಲಾಪುರಕ್ಕೆ ಗೊತ್ತಿದ್ದ ಭರ್ತಿ ಒಂದೇ, ದಂಡಿಗೆ ಆಳು ಹಿಡಿಯುವುದು. ಜರ್ಮನಿಯ ಯುದ್ಧಕ್ಕೆ ಹಾಗೆ ಹೋದ ಕೆಲವರು ಇನ್ನೂ ಮರಳಿರಲಿಲ್ಲ. ಓದಿದ ಬುದ್ಧಿ ಒಮ್ಮೊಮ್ಮೆ ಹೀಗೆ ಊರ ಅಗಸಿ ಬಾಗಿಲಲ್ಲೇ ಎಡವುತ್ತದೆ.

ಬೆಳಗಾಗುವಷ್ಟರಲ್ಲಿ ಗಂಡಸರೆಲ್ಲ ಬಾಳೆ ತೋಟಗಳಲ್ಲಿ ಅಡಗಿದ್ದರು. ಚಾವಡಿಯ ಮುಂದೆ ಅಕ್ಷರ ತಿದ್ದಿಸಲು ಉಸುಕು ಹರವಿ ಕಾದಿದ್ದ ಸೂಗಪ್ಪನ ಎದುರಿಗೆ ಬಂದು ನಿಂತದ್ದು ಹೆಂಗಸರ ಗುಂಪು. ಮುಂದೆ ಅಂಬಮ್ಮ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು.

"ಗಂಡಸರು ಮನ್ಯಾಗಿಲ್ರೀ. ಇದ್ದರೂ ದಂಡಿಗೆ ಕಳಸೂದಿಲ್ಲ," ಎಂದಳು.

ಸೂಗಪ್ಪ ಗಡಬಡಿಸಿ ಎರಡೂ ಕೈ ಆಡಿಸಿದ. "ಅವ್ವಾ, ಇದು ದಂಡಿನ ಭರ್ತಿ ಅಲ್ಲ, ಸಾಲೀದು. ಅಕ್ಷರ ಕಲಸ್ತೀವಿ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಕಲಬುರಗಿ ರಸ್ತೆಯಲ್ಲಿ ಪ್ರೊಫೆಸರರ ಟಾಂಗಾದ ಧೂಳು ಕಂಡಿತು. ಸೂಗಪ್ಪ ಕೈಮುಗಿದೇಬಿಟ್ಟ. "ಅವ್ವಾ, ನೀವರ ಕುಂದರ್ರಿ."

"ನಾವಾ?" ಎಂದು ಅಂಬಮ್ಮ ಹಿಂದಿನವರ ಮುಖ ನೋಡಿದಳು. ಆಮೇಲೆ ಉಸುಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಅವಳ ಹಿಂದೆ ಉಳಿದವರೂ ಕುಳಿತರು.

ಟಾಂಗಾ ಇಳಿದ ಇಮಾಮುದ್ದೀನರು ಉಸುಕಿನ ತುಂಬ ಓರೆಕೋರೆ 'ಅ'ಗಳನ್ನು ಕಂಡು ನಿಂತುಬಿಟ್ಟರು. "ಶಾಬಾಶ್ ಮಿಯಾ. ಈ ಸಾಲಿ ನಡೀಲಿ," ಎಂದರು.

ಸೂಗಪ್ಪನಿಗೆ ಕುಣಿಯುವುದೊಂದು ಬಾಕಿ. "ತೋಟಕ್ಕ ಹೋಗಿ ಗಂಡಸರನ್ನೂ ಕರಕೊಂಡು ಬರ್ತೀನ್ರೀ," ಎಂದು ಓಡಹೊರಟ.

ಅಂಬಮ್ಮ ಅವನ ಶೇರವಾನಿಯ ಚುಂಗು ಹಿಡಿದು ಎಳೆದಳು.

"ಸುಮ್ಮಕಿರೋ ತಮ್ಮಾ. ನೀ ನಿನ್ನೆ ಸಾಲಿ ಅಂತ ಸಾರಿಸಿದ್ದರ ಇಲ್ಲಿ ಅವರೇ ಕುಂತಿರ್ತಿದ್ದರು, ನಾವು ಮನ್ಯಾಗ ರೊಟ್ಟಿ ಬಡೀತಿದ್ವಿ. ಬಾ, ಮುಂದಿನ ಅಕ್ಷರ ಹೇಳು."