ಹೊಂಗೆಯ ಕವಲಿನ ಬುಟ್ಟಿ

ವಾಚಕ ಮಹಾಶಯರು ದಯಮಾಡಿ ಮೊದಲು ಆ ಹಳದಿ ಟೇಪನ್ನು ಅವಲೋಕಿಸಬೇಕು, ಏಕೆಂದರೆ ಜಂಪಣ್ಣನೂ ಅದನ್ನೇ ನೋಡುತ್ತಿದ್ದಾನೆ— ಬಿಸಿಲಿಗೆ ಮಿನುಗುವ ತಗಡಿನ ನಾಲಗೆ, ಹನುಮಪ್ಪನ ಗುಡಿಯ ಎರಡನೆಯ ಮೆಟ್ಟಿಲಿನಿಂದ ಹಳ್ಳದ ಮರಳಿನವರೆಗೆ ಇಳಿದು, ಮತ್ತೆ ಸರ್ರನೆ ಡಬ್ಬಿಯೊಳಗೆ ಸೇರಿಕೊಳ್ಳುತ್ತದೆ, ಕ್ಲಾರಾ ಎಂಬ ಪರದೇಶದ ಹುಡುಗಿ ಅಳತೆಯನ್ನು ಬರೆದುಕೊಳ್ಳುತ್ತಾಳೆ, ಅವಳು ಬರೆದುಕೊಂಡದ್ದು ಅವನ ಮಾತನ್ನು, ಅವನ ಸುಳ್ಳನ್ನು, ನಾಳೆ ಬೆಳಿಗ್ಗೆ ಅದರ ಮೇಲೆ ಕಾಂಕ್ರೀಟು ಬೀಳುತ್ತದೆ. ಹನ್ನೆರಡು ಮಂದಿ, ಕೂಲಿಯಿಲ್ಲದೆ, ಕಡಲಾಚೆಯಿಂದ ಈ ಹಟ್ಟಿಗೊಂದು ಕಾಲುಸೇತುವೆ ಕಟ್ಟಲು ಬಂದವರು, ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ, ಅವರ ಜೊತೆಗಿರುವ ಹೊನ್ನಾಳಿಯ ಅರ್ಪಿತಾ ಅದನ್ನು ಕನ್ನಡಕ್ಕೆ ತಿರುಗಿಸಿ, ಯಜಮಾನ್ರೇ, ಈ ಹಳ್ಳದಾಗೆ ನೀರು ಬಹಳ ಅಂದ್ರೆ ಎಲ್ಲಿಗಂಟ ಬಂದಿತ್ತು, ಅದಕ್ಕಿಂತ ಆಳೆತ್ತರ ಮ್ಯಾಲೆ ಹಲಗೆ ಹಾಸ್ಬೇಕಂತೆ, ಎಂದಾಗ ಹಟ್ಟಿಗೆ ಹಟ್ಟಿಯೇ ಅವನತ್ತ ತಿರುಗಿತ್ತು, ಜಂಪಣ್ಣನ್ನ ಕೇಳ್ರಿ, ನೀರು ನೋಡೋನು ಅವ್ನೇ— ಅಪ್ಪನಿಂದ ಬಂದದ್ದು, ಕಸುಬೆಂದರೆ ಕಸುಬೂ ಅಲ್ಲ, ದಡದಲ್ಲಿ ನಿಂತು ನೀರಿನ ಬಣ್ಣ ನೋಡಿ ದಾಟಿರಿ ಎನ್ನುವುದು, ಬೇಡ ಎನ್ನುವುದು, ಅವನು ಹೂಂ ಎನ್ನದೆ ಯಾರೂ ಹಳ್ಳಕ್ಕೆ ಕಾಲಿಡುತ್ತಿರಲಿಲ್ಲ. ಅವನು ಬೆರಳು ತೋರಿದ್ದು ಎರಡನೆಯ ಮೆಟ್ಟಿಲಿಗೆ. ಬೆರಳು ಅತ್ತ, ಕಣ್ಣು ಇತ್ತ, ಹೊಂಗೆಮರದ ಕವಲಿನತ್ತ, ಅಲ್ಲಿ ಹಸಿರು ವೈರಿನ ಬುಟ್ಟಿ ಇರಲಿಲ್ಲ, ಹನ್ನೊಂದು ವರ್ಷದಿಂದ ಇರಲಿಲ್ಲ, ಆದರೂ ಅವನಿಗೆ ಕಂಡಿತು, ಕೆಂಪು ಪಟ್ಟಿ, ಹಿಡಿಕೆ ಕೊಂಬೆಗೆ ಸಿಕ್ಕಿ, ಯಾರೋ ಸಾವಧಾನವಾಗಿ ತೂಗುಹಾಕಿ ಹೋದಂತೆ.

ಕಲ್ಲು ಬಂತು, ಹಿಡಿ. ದಡದಿಂದ ಸೇತುವೆಯ ಪಾಯದ ಗುಂಡಿಯವರೆಗೆ ಸಾಲು, ಕೈಯಿಂದ ಕೈಗೆ ಕಲ್ಲು, ಎಡಕ್ಕೆ ಭೀಮಕ್ಕ, ಅವನ ಹೆಂಡತಿಯ ಒಡಹುಟ್ಟಿದ ಅಕ್ಕ, ಬಲಕ್ಕೆ ಕ್ಲಾರಾ, ಹತ್ತು ಬೆರಳಲ್ಲಿ ಆರಕ್ಕೆ ಪಟ್ಟಿ ಕಟ್ಟಿಕೊಂಡಿದ್ದಾಳೆ, ಮೊನ್ನೆ ಮುದ್ದೆಯನ್ನು ಅಗಿಯುತ್ತ ಕುಳಿತಿದ್ದವಳಿಗೆ ಭೀಮಕ್ಕ, ಅಗಿಬ್ಯಾಡ ಕಣವ್ವ, ನುಂಗು, ಗಂಡನ ಮಾತು ನುಂಗ್ದಂಗೆ ನುಂಗು, ಎಂದು ಇಡೀ ಸಾಲನ್ನು ನಗಿಸಿದ್ದಳು, ಅವನೂ ನಕ್ಕಿದ್ದ. ಈಗ ಅದೇ ಭೀಮಕ್ಕ ಕಲ್ಲು ದಾಟಿಸುತ್ತ ಹೇಳುತ್ತಿದ್ದಾಳೆ, ಈ ಸೇತುವೆ ಆವತ್ತೇ ಇದ್ದಿದ್ರೆ ನಮ್ ತಂಗಿ ಉಚ್ಚಂಗಿ ಇರ್ತಿದ್ಲು, ಕೂಸಿದ್ದಾಗಿಂದ್ಲೂ ಅವಸರದಾಕೆ ಅದು, ಇಲ್ದಿದ್ರೆ ಮೊಣಕಾಲುದ್ದದ ನೀರಾಗೆ ಯಾರು ಜಾರ್ತಾರೆ— ಮೊಣಕಾಲುದ್ದ, ಅದು ಅವನದೇ ಮಾತು, ಹೆಣದ ಮುಂದೆ ಕುಳಿತು ಅವನೇ ಆಡಿದ್ದು, ಆಮೇಲೆ ಹಟ್ಟಿಯೆಲ್ಲ ಆಡಿಕೊಂಡದ್ದು. ಆವತ್ತು ಇಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ, ಮೇಲೆಲ್ಲೋ ಸುರಿದಿತ್ತು, ಜನರೆಲ್ಲ ದೂರದ ಹೊಲಗಳಲ್ಲಿದ್ದರು, ಉಚ್ಚಂಗಿ ಸಂತೇಬೆನ್ನೂರಿನ ಸಂತೆ ಮುಗಿಸಿ ಆಚೆ ದಡದಲ್ಲಿ ನಿಂತಿದ್ದಾಳೆ, ತಾನೇ ಹೆಣೆದ ಬುಟ್ಟಿ ತೋಳಿನಲ್ಲಿ, ಸೀರೆ ಎತ್ತಿ ಕಟ್ಟಿ, ಬರ್ಲಾ, ಎಂದು ಕೂಗುತ್ತಾಳೆ, ನೊರೆ ಬಂದರೆ ಹಿಂದೆಯೇ ನೀರು ಎಂದು ಅಪ್ಪ ಹೇಳಿಕೊಟ್ಟಿದ್ದ, ನೊರೆ ಬಂದಿದೆ, ಒಣ ಎಲೆಯ ಜೊತೆ ತಿರುಗುತ್ತ ಕಾಲ ಬಳಿಯೇ ಹಾಯುತ್ತಿದೆ, ಅವನು ಕಂಡಿದ್ದಾನೆ, ಆದರೆ ಹಸಿವು, ಬೆಳಗಿನಿಂದ ಏನೂ ಇಲ್ಲ, ಒಲೆ ಹಚ್ಚುವವಳು ಆಚೆ ದಡದಲ್ಲಿ, ನಾಲ್ಕು ಹೆಜ್ಜೆ, ಬರ್ಲಾ, ಮತ್ತೆ ಕೇಳುತ್ತಾಳೆ, ಬಾ, ಮೊಣಕಾಲುದ್ದ ಐತೆ. ನೀರು ಗೋಡೆಯಂತೆ ಬಂದಿತು, ಹೊಂಗೆಯ ಕವಲು ಮುಟ್ಟಿತು. ಬಂದಷ್ಟೇ ಬೇಗ ಇಳಿಯಿತು, ಹೊಲದ ಜನ ಓಡಿಬರುವಷ್ಟರಲ್ಲಿ ಎರಡನೆಯ ಮೆಟ್ಟಿಲಿಗೆ ಬಂದಿತ್ತು, ಅವರು ಕಂಡದ್ದು ಅಷ್ಟೇ, ಮರುದಿನ ನಸುಕಿನಲ್ಲಿ ಕವಲು ಹತ್ತಿ ಬುಟ್ಟಿಯನ್ನು ಇಳಿಸಿದವನು ಅವನೊಬ್ಬನೇ, ತಳದಲ್ಲಿ ನಾಲ್ಕು ಈರುಳ್ಳಿ.

ಎರಡನೆಯ ಮೆಟ್ಟಿಲಿನ ಮೇಲೆ ಆಳೆತ್ತರವೆಂದರೆ ಹಲಗೆ ಕವಲಿಗಿಂತ ಒಂದು ಗೇಣು ಕೆಳಗೆ— ಎಷ್ಟು ಸಲ ಲೆಕ್ಕ ಹಾಕಿದರೂ ಆ ಗೇಣು ಕೂಡಿಬರುವುದಿಲ್ಲ, ನೀರು ಮತ್ತೆ ಕವಲಿಗೆ ಬಂದ ದಿನ ಹಲಗೆಯ ಮೇಲೆ ಯಾರಿರುತ್ತಾರೆ, ಸ್ಲೇಟು ಹಿಡಿದ ಮಕ್ಕಳೋ, ಈ ಭೀಮಕ್ಕನೋ, ಆಗ ಯಾರೂ ದಡಕ್ಕೆ ಬಂದು ಬರ್ಲಾ ಎಂದು ಕೇಳುವುದಿಲ್ಲ, ಸೇತುವೆಯನ್ನು ನಂಬಿ ನಡೆಯುತ್ತಾರೆ. ಅವನು ಕಲ್ಲು ಇಳಿಸಿ ಮನೆಗೆ ನಡೆದದ್ದು, ಅಟ್ಟದ ಗೋಣಿಚೀಲದೊಳಗೆ ಕೈಯಿಟ್ಟು ಬುಟ್ಟಿ ತೆಗೆದದ್ದು, ಮಂಡಿ ತರಚಿಕೊಂಡು ಹೊಂಗೆ ಹತ್ತಿ ಅದೇ ಕೊಂಬೆಗೆ ಹಿಡಿಕೆ ಸಿಕ್ಕಿಸಿದ್ದು, ಎಲ್ಲವೂ ಬೇರೆ ಯಾರೋ ಮಾಡಿದ ಕೆಲಸದಂತೆ, ಕೆಳಗೆ ಸಾಲು ನಿಂತುಹೋಗಿದೆ, ನೀರು ಇಲ್ಲಿಗೆ ಬಂದಿತ್ತವ್ವ, ಬರ್ಕಳ್ರಿ, ಅವನದೇ ದನಿ, ನೊರೆ ಕಂಡಿದ್ದೆ, ಕಂಡೂ ಬಾ ಅಂದೆ, ಆಕೆ ಅವಸರ ಮಾಡ್ಲಿಲ್ಲ, ಎರಡು ಸಲ ಕೇಳೇ ಇಳಿದ್ಲು. ಅರ್ಪಿತಾ ಮೊದಲ ಮಾತನ್ನಷ್ಟೇ ತಿರುಗಿಸಿ ಉಳಿದದ್ದನ್ನು ಬಾಯಲ್ಲೇ ಇಟ್ಟುಕೊಂಡಳು, ಏನೂ ತಿಳಿಯದ ಕ್ಲಾರಾ ನಗುತ್ತ ಬಂದು ಹಳದಿ ನಾಲಗೆಯನ್ನು ಬುಟ್ಟಿಯವರೆಗೆ ಎತ್ತಿದಳು. ಭೀಮಕ್ಕ ಎದೆಗೊತ್ತಿದ ಕಲ್ಲನ್ನು ಇಳಿಸಲಿಲ್ಲ. ಅದ್ರಾಗೆ ಏನಿತ್ತು, ಎಂದಳು. ಈರುಳ್ಳಿ, ಅಕ್ಕ. ಏನ್ ಮಾಡ್ದೆ. ತಿಂದೆ. ಅವಳು ಒಂದು ಹೆಜ್ಜೆ ಮುಂದಿಟ್ಟು, ಅವನು ನಿಲ್ಲುತ್ತಿದ್ದ ಜಾಗದ ಮೇಲೆ ಹಾದು, ಕಲ್ಲನ್ನು ನೇರ ಕ್ಲಾರಾಳ ಕೈಗೆ ಕೊಟ್ಟಳು, ಸಾಲು ಮುಚ್ಚಿಕೊಂಡಿತು, ಕಲ್ಲುಗಳು ಮತ್ತೆ ನಡೆದವು. ಎರಡು ಅಂಗಿ, ಒಂದು ಪಂಚೆ, ಟವೆಲಿನಲ್ಲಿ ಕಟ್ಟಿದರೆ ಗಂಟು ಇಷ್ಟೇ, ಹಟ್ಟಿ ಬಿಟ್ಟು ಜಗಳೂರಿನ ಕಡೆಗೆ ಹೋಗಬೇಕು, ಅಲ್ಲಿ ಹಳ್ಳಗಳಲ್ಲಿ ಮರಳು ಮಾತ್ರ, ನೀರು ನೋಡುವವನನ್ನು ಯಾರೂ ಕೇಳರು, ಚಪ್ಪಲಿ ಕಳಚಿ ಹಟ್ಟಿಯ ಒಣಹಳ್ಳಕ್ಕೆ ಇಳಿಯುತ್ತಾನೆ, ನಾಲ್ಕು ಹೆಜ್ಜೆ, ಮರಳು ಕಾದಿದೆ, ಆಚೆ ದಡದಲ್ಲಿ ಯಾರೂ ಇಲ್ಲ, ಬರ್ಲಾ, ಎನ್ನುತ್ತಾನೆ, ಬಾ ಎನ್ನುವವರಿಲ್ಲ, ತಿರುಗಬಾರದೆಂದು ನಡೆಯುತ್ತಾನೆ, ತಿರುಗದೆಯೂ ಕಾಣುತ್ತಿದೆ, ಹೊಂಗೆಯ ಕವಲು, ಹಸಿರು ಬುಟ್ಟಿ, ಕೆಂಪು ಪಟ್ಟಿ, ಕೊಂಬೆಗೆ ಹಿಡಿಕೆ, ಯಾರೋ ಸಾವಧಾನವಾಗಿ, ಒಂದಿಷ್ಟೂ ಅವಸರವಿಲ್ಲದೆ—