ಐದು ವರ್ಷ ಯಾರಿಗೂ ಹೇಳಬೇಡ

ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲಿ ಜೂನ್ ತಿಂಗಳ ಸಂಜೆ ಮುಗಿಯುವುದೇ ಇಲ್ಲ. ಊಟವಾದರೂ ಬೆಳಕು ಅಂಗಳದಲ್ಲೇ ಕೂತಿರುತ್ತದೆ, ಹೊರಡಲು ಮನಸ್ಸಿಲ್ಲದ ನೆಂಟರ ಹಾಗೆ. ಅಂಥದೊಂದು ಸಂಜೆ ಶಾರದಮ್ಮ ತಾಮ್ರದ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ನೀರಿಗೆ ಹೊರಟರು. ಮನೆಯಲ್ಲಿ ನಲ್ಲಿ ಇದೆ. ಆದರೆ ಈಚೆಗೆ ಮನೆ ಹಿಂದಿನ ಸರೋವರ ಅವರ ಕಣ್ಣಿಗೆ ತವರಿನ ಕೆರೆ. ನೆನಪುಗಳು ಒಂದೊಂದಾಗಿ ಜಾರುತ್ತಿವೆ. ಸ್ವೀಡಿಷ್ ಪೂರ್ತಿ ಹೋಯಿತು, ಕನ್ನಡ ಮಾತ್ರ ಉಳಿದಿದೆ.

ಗಂಡ ಯೋಗೀಶ ಔಷಧ ಸಂಶೋಧನೆ ಮಾಡಿ ನಿವೃತ್ತರಾದವರು. ಹೆಂಡತಿಯ ಕಾಯಿಲೆ ಯಾರಿಗೂ ತಿಳಿಯಬಾರದೆಂದು ಪರದೆ ಎಳೆದು, ಬಾಗಿಲು ಹಾಕಿ, ಒಬ್ಬರೇ ಕಾಯುತ್ತಿದ್ದರು. ಆ ಸಂಜೆ ದಣಿದು ಕಣ್ಣು ಮುಚ್ಚಿದ್ದೇ ತಪ್ಪಾಯಿತು.

ಪಕ್ಕದ ಬೀದಿಯ ಶೋಭನಾ ಕೋಡುಬಳೆ ಕೊಡಲು ಬಂದವರು ನೋಡುತ್ತಾರೆ, ಶಾರದಮ್ಮ ಸೊಂಟಮಟ್ಟದ ನೀರಲ್ಲಿ ನಿಂತು ಹಾಡುತ್ತಿದ್ದಾರೆ! ಚಿನ್ನದ ಬಣ್ಣದ ನೀರು, ತೇಲುವ ಸೆರಗು. ನೋಡಲು ಚೆಂದ, ಇನ್ನೆರಡು ಹೆಜ್ಜೆ ಇಟ್ಟರೆ ಆಳ.

“ಬಿಂದಿಗೆ ತುಂಬ್ತಲ್ಲ ಅಕ್ಕಾ, ಮನೆಗೆ ಹೋಗೋಣ ಬನ್ನಿ,” ಎಂದು ಕೈಹಿಡಿದು ಕರೆತಂದರು.

ಒದ್ದೆ ಸೀರೆ ನೋಡಿ ಯೋಗೀಶ ಅತ್ತೇಬಿಟ್ಟರು, ಮುಚ್ಚಿಟ್ಟಿದ್ದ ಕಾಯಿಲೆಯ ವಿಷಯವೆಲ್ಲ ಹೇಳಿಕೊಂಡರು.

“ಯೋಗೀಶಣ್ಣ, ಒಬ್ಬರೇ ಎಷ್ಟು ದಿನ ಅಂತ? ಕೊಮ್ಯೂನ್‌ಗೆ ಫೋನ್ ಮಾಡಿ. ನಮ್ಮ ನಗರಸಭೆ ತಾನೆ, ಹುಲಿಯಲ್ಲ.”

“ಬೇಡಮ್ಮ, ಮನೆ ಹೋಗುತ್ತೆ.”

“ಯಾರು ಹೇಳಿದ್ದು?”

“ನ್ಯೂಜೆರ್ಸಿಯಲ್ಲಿರೋ ನಮ್ಮ ಬಸವರಾಜಣ್ಣ. ಫ್ಯಾಮಿಲಿ ಗ್ರೂಪಲ್ಲಿ ವಾಯ್ಸ್ ಮೆಸೇಜ್ ಹಾಕಿದ್ದ. ಆಸ್ತಿ ಇದ್ರೆ ಮೆಡಿಕೇಡ್ ಅಂತ ಸರ್ಕಾರದ ಆರೈಕೆ ಸಹಾಯ ಸಿಗಲ್ವಂತೆ. ಮನೇನ ಮಗಳ ಹೆಸರಿಗೆ ಮಾಡು, ಕೊಟ್ಟು ಐದು ವರ್ಷ ಆಗೋವರೆಗೂ ಅದನ್ನ ನಿಂದೇ ಅಂತ ಲೆಕ್ಕ ಹಿಡೀತಾರೆ, ಐದು ವರ್ಷ ಯಾರಿಗೂ ಹೇಳಬೇಡ ಅಂದ. ಸೋಮವಾರ ಅಪೂರ್ವ ಮಾಲ್ಮೋದಿಂದ ಬರ್ತಾಳೆ. ದಾನಪತ್ರಕ್ಕೆ ಸಹಿ ಹಾಕಬೇಕು.”

ಶೋಭನಾಗೆ ನಗುವೂ ಬಂತು, ಸಿಟ್ಟೂ ಬಂತು. “ಅಮೆರಿಕದಲ್ಲಿ ಮಳೆ ಬಂದ್ರೆ ಮೋಲ್ನ್‌ಡಾಲ್‌ನಲ್ಲಿ ಕೊಡೆ ಹಿಡೀತೀರಲ್ಲಣ್ಣ! ಅದು ಅವರ ದೇಶದ ರೂಲ್ಸು. ಇಲ್ಲಿ ಮನೆ ಬೆಲೆ ನೋಡಿ ಆರೈಕೆ ಶುಲ್ಕ ಹಾಕಲ್ಲ, ಆದಾಯ ನೋಡ್ತಾರೆ. ಪೆನ್ಷನ್ನು, ಬಡ್ಡಿ, ಎಲ್ಲ ಮುಚ್ಚುಮರೆ ಇಲ್ಲದೆ ಹೇಳಬೇಕು. ಜೀವನಕ್ಕೆ ಬೇಕಾದಷ್ಟು ನಿಮ್ಮ ಕೈಯಲ್ಲಿ ಬಿಟ್ಟೇ ಲೆಕ್ಕ ಹಾಕ್ತಾರೆ. ಶುಲ್ಕಕ್ಕೆ ಮೇಲ್ಮಿತಿ ಕೂಡ ಇದೆ. ನಮ್ಮ ಯಜಮಾನರಿಗೆ ಸ್ಟ್ರೋಕ್ ಆದಾಗ ಕೊಮ್ಯೂನ್‌ನವರು ಮನೆಗೇ ಬಂದು ಸ್ನಾನ ಮಾಡಿಸಿ ಹೋಗ್ತಿದ್ರು. ನಮ್ಮನೆ ಎಲ್ಲಿಗಾದರೂ ಹೋಯ್ತಾ?”

“ಇವಳನ್ನ ಕೇರ್ ಹೋಮ್‌ಗೆ ಕರ್ಕೊಂಡು ಹೋಗ್ಬಿಟ್ರೆ?”

“ಮೊದಲು ಮನೆಗೇ ಬಂದು ಏನು ಬೇಕು ಅಂತ ಕೇಳ್ತಾರೆ. ಮುಂದೆ ಅಲ್ಲಿಗೆ ಹೋಗೋದಾದ್ರೆ ಬಾಡಿಗೆ, ಊಟದ ಖರ್ಚು ಬೇರೆ. ಅದನ್ನೂ ಈಗಲೇ ಕೇಳ್ಕೊಳಿ. ಆದ್ರೆ ಐದು ವರ್ಷ ಕಾಯೋಕೆ ಅಕ್ಕನ ಕೆರೆ ಬಿಡುತ್ತಾ?”

ಯೋಗೀಶ ಹೆಂಡತಿಯ ಒದ್ದೆ ಸೆರಗು ಹಿಂಡತೊಡಗಿದರು. ಬಿಂದಿಗೆ ತಬ್ಬಿ ಕೂತಿದ್ದ ಶಾರದಮ್ಮ ತಲೆ ಎತ್ತಿದರು.

“ಈ ಮನೆ ಯಾರದು?”

“ನಮ್ಮದೇ ಕಣೇ.”

“ಮತ್ತೆ ಬಾಗಿಲು ಯಾಕೆ ಹಾಕಿದೀರಿ? ಬರೋರು ಬರಲಿ.”

ಸೋಮವಾರ ಅಪೂರ್ವ ಬಂದಳು. ಸಹಿ ಹಾಕಲಿಲ್ಲ ಯಾರೂ. ಅಪ್ಪ ಮಗಳು ಕೂತು ಕೊಮ್ಯೂನ್‌ಗೆ ಫೋನ್ ಮಾಡಿದರು.

ಈಗ ಬೆಳಿಗ್ಗೆ ಕೊಮ್ಯೂನ್‌ನಿಂದ ನೆರವಿನ ಹುಡುಗಿ ಬರುತ್ತಾಳೆ. ಕನ್ನಡ ಬರದು, ಕೈ ಹಿಡಿಯಲು ಬರುತ್ತದೆ. ಅವಳೂ ಶಾರದಮ್ಮನವರೂ ಬಿಂದಿಗೆ ಹಿಡಿದು ದಡದವರೆಗೆ ಹೋಗಿ, ಒಂದಿಷ್ಟು ನೀರು ತಂದು ಗುಲಾಬಿ ಗಿಡಕ್ಕೆ ಹಾಕುತ್ತಾರೆ. ಯೋಗೀಶ ಅಷ್ಟು ಹೊತ್ತು ಅಂಗಳದ ಕುರ್ಚಿಯಲ್ಲಿ ನಿದ್ದೆ ಮಾಡುತ್ತಾರೆ. ಎಷ್ಟೋ ಕಾಲದ ನಿದ್ದೆ ಅದು, ಎಬ್ಬಿಸಬೇಡಿ.

ಸ್ವೀಡನ್ನಿನಲ್ಲಿ ನೆಲೆಸಿರುವ ಕನ್ನಡದ ಅಣ್ಣಂದಿರೇ, ಅಕ್ಕಂದಿರೇ, ಬೇರೆ ದೇಶದ ನೆಂಟರ ಮಾತು ಪ್ರೀತಿಯದು, ಕಾನೂನು ಮಾತ್ರ ನೀವಿರುವ ಊರಿನದು. ಮನೆಯಲ್ಲಿ ಯಾರಿಗಾದರೂ ದಿನನಿತ್ಯದ ಆರೈಕೆ ಬೇಕಾದರೆ ನಿಮ್ಮ ಕೊಮ್ಯೂನ್‌ಗೆ ಇವತ್ತೇ ಕೇಳಿ. ಆರೈಕೆ ಮಾಡುವ ನಿಮಗೂ ಅಲ್ಲಿ ಬೆಂಬಲ ಉಂಟು. ನೆರವು ನಿರಾಕರಿಸಿದರೆ ಮೇಲ್ಮನವಿಯ ಹಕ್ಕಿದೆ. ಹೆದರಿ ಮನೆ ಬರೆದುಕೊಡುವ ಮೊದಲು, ಬಾಗಿಲು ತೆರೆಯಿರಿ.