ತಮ್ಮನ ಹೆಸರಿನ ಗಿಡ

ಗಾಜಿನ ಮನೆಯ ಬಾಗಿಲು ತೆರೆಯುವಾಗ ಅಕ್ಕನ ಎದೆ ದಿನವೂ ಡವಡವ ಎನ್ನುತ್ತಿತ್ತು. ಸಸ್ಯೋದ್ಯಾನದಲ್ಲಿ ಗಿಡಗಳ ಕುಲಗೋತ್ರ ಪತ್ತೆ ಹಚ್ಚುವುದು ಅವಳ ಕೆಲಸ. ಅಲ್ಲಿ ಎಲ್ಲರಿಗೂ ಅವಳು ಅಕ್ಕನೇ, ಆದರೆ ಒಡಹುಟ್ಟಿದವನು ಒಬ್ಬನೇ ತಮ್ಮ. ಅವನು ಬೆಟ್ಟದ ತುದಿಯ ಬಂಡೆಸಂದಿಯಿಂದ ಗೇಣುದ್ದವೂ ಇಲ್ಲದ, ಎಲೆಯ ತುಂಬ ಬಿಳಿ ರೋಮವಿದ್ದ ಗಿಡವೊಂದನ್ನು ಕಿತ್ತು ತಂದಿದ್ದ. ಮರುವರ್ಷ ಅದರ ಬೀಜ ತರಲು ಹೋದವನು ಕಾಲು ಜಾರಿ ಬಿದ್ದು ಸತ್ತ. ಜೇಬಿನಲ್ಲಿ ಬೀಜದ ಪೊಟ್ಟಣ ಹಾಗೇ ಇತ್ತು. ಇದು ಹೊಸ ಜಾತಿಯ ಗಿಡವೆಂದು ಸಾರಿ, ಅದಕ್ಕೆ ಅವನ ಹೆಸರಿಟ್ಟವಳು ಅಕ್ಕ. ಮಗ ಹೋದರೂ ಹೆಸರು ಉಳಿಯಿತಲ್ಲ ಎಂದುಕೊಂಡೇ ಅಮ್ಮ ಜೀವ ಹಿಡಿದಿದ್ದಳು.

ಈಗ ಮೇಲಧಿಕಾರಿಗೆ ಅನುಮಾನ. ಇದು ನಮ್ಮ ಬೇಲಿಬದಿಯ ಗಿಡವೇ ಇರಬೇಕು, ಗಾಳಿ ಬಿಸಿಲಿಗೆ ಮುರುಟಿಕೊಂಡು ಬೇರೆ ವೇಷ ಹಾಕಿದೆ ಅಷ್ಟೆ ಎಂದರು. ಬೆಟ್ಟದ ಬೀಜ, ಬೇಲಿಯ ಬೀಜ ಎರಡನ್ನೂ ಒಂದೇ ಮಣ್ಣಿನಲ್ಲಿ ಅಕ್ಕಪಕ್ಕ ಬೆಳೆಸಲು ಹೇಳಿದರು. ಬೇರೆ ಬೇರೆಯಾಗಿ ಬೆಳೆದರೆ ಹೆಸರು ಉಳಿಯುತ್ತದೆ, ಒಂದೇ ಥರ ಬೆಳೆದರೆ ಅಳಿಸಬೇಕು.

ನೆರಳು, ನೀರು ಸಿಕ್ಕಿದ್ದೇ ತಡ, ಬೆಟ್ಟದ ಸಸಿ ಸರಸರನೆ ಎದ್ದಿತು. ಎಲೆ ಅಗಲವಾಯಿತು, ರೋಮದ ಸುಳಿವೇ ಇಲ್ಲ, ಪಕ್ಕದ ಬೇಲಿ ಸಸಿಯ ತದ್ರೂಪು. ಅಕ್ಕನಿಗೆ ಊಟ ಸೇರದಾಯಿತು. ಗಿಡ ಚೆನ್ನಾಗಿ ಬೆಳೆಯಿತೆಂದು ಹೊಟ್ಟೆ ಉರಿದುಕೊಂಡ ಸಸ್ಯಶಾಸ್ತ್ರಿ ಇವಳೊಬ್ಬಳೇ ಇರಬೇಕು.

ಕೊನೆಗೆ ಸಸಿಗಳನ್ನು ಕಿತ್ತೆಸೆದು, ಇಲಿಗಳು ತಿಂದವೆಂದು ಸುಳ್ಳು ಹೇಳಿ, ಉಳಿದ ಬೀಜಗಳನ್ನು ಮನೆಗೆ ತಂದಳು. ಬೆಟ್ಟದ ತುದಿಯ ಹಾಗೇ ಗಾಳಿ ಬೀಸಿ ಬಡಿಯುವ ತಾರಸಿಯಲ್ಲಿ, ಜಲ್ಲಿ ಬೆರೆಸಿದ ಮಣ್ಣಿನಲ್ಲಿ ಬೆಟ್ಟದ ಬೀಜ ಬಿತ್ತಿದಳು. ಜೋಡಿಯಾಗಿ ಬಿತ್ತುವುದು ಕಸುಬಿನ ರೂಢಿ. ಕೈ ತಾನಾಗಿಯೇ ಬೇಲಿಯ ಬೀಜವನ್ನೂ ಪಕ್ಕದ ಕುಂಡಕ್ಕೆ ಹಾಕಿತು. ನೀರು ಕೊಟ್ಟರೆ ಕೊಟ್ಟಳು, ಇಲ್ಲದಿದ್ದರೆ ಇಲ್ಲ. ದಿನಾ ಬೆಟ್ಟದ ಕುಂಡವನ್ನಷ್ಟೇ ಬಗ್ಗಿ ನೋಡುವಳು. ಗಿಡ ಕುಳ್ಳಾಗಿಯೇ ಉಳಿಯಿತು, ಎಲೆಯ ಮೇಲೆ ಬಿಳಿ ರೋಮ ಮೂಡಿತು. ಅಂದು ಅವಳು ಹೊಟ್ಟೆ ತುಂಬ ಉಂಡಳು.

ಮಗಳ ಮುಖ ಗೆಲುವಾದದ್ದು ಕಂಡು ಅಮ್ಮ ಮಂಡಿನೋವು ಮರೆತು ತಾರಸಿ ಹತ್ತಿದಳು. ಬಿಸಿಲಿಗೆ ಎರಡೂ ಕುಂಡಗಳ ಹೆಸರಿನ ಚೀಟಿ ಬಿಳಿಚಿ ಹೋಗಿತ್ತು.

"ಇದ್ರಲ್ಲಿ ನನ್ನ ಮಗಂದು ಯಾವುದೇ?"

ತೋರಿಸಲು ಬೆರಳೆತ್ತಿದ ಅಕ್ಕ, ಎರಡನೆಯ ಕುಂಡವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಅದೇ ಎತ್ತರ, ಅದೇ ರೋಮ. ಮಂಡಿಯೂರಿ ಕೂತು ಎಲೆ ಮಗುಚಿ ಮಗುಚಿ ನೋಡಿದಳು. ಅಮ್ಮ ಕಾಯುತ್ತಲೇ ಇದ್ದಳು.

"ಯಾವುದೂ ಅಲ್ಲಮ್ಮ," ಎಂದಳು. "ಎರಡೂ ಬೇಲಿ ಗಿಡಾನೇ."

ಅಮ್ಮ ಕುಂಡದ ಬಿರುಕು ಬಿಟ್ಟ ಮಣ್ಣನ್ನು ಬೆರಳಿನಿಂದ ಮುಟ್ಟಿದಳು.

"ಮತ್ಯಾಕೆ ಇವನ್ನ ಹಿಂಗೆ ಬಾಯಾರಿಸಿಟ್ಟಿದೀಯ? ಹೋಗು, ನೀರು ತಗೊಂಡ್ ಬಾ."